ವಾಹನದ ಮೈಗೆ ರಬ್ಬರಿನ ಕವಚ: ಬಳಿಯುವ ಮೊದಲು ಅರಿಯಬೇಕಾದದ್ದು

ಕಡಲ ಮಗ್ಗುಲಲ್ಲಿ ಬಾಳುವವರಿಗೆ ತುಕ್ಕು ಹೊಸ ಶತ್ರುವಲ್ಲ. ಮಂಜೇಶ್ವರದಿಂದ ಚೆರುವತ್ತೂರಿನವರೆಗೆ ಮೀನು ಹೇರುವ ಪಿಕಪ್ ವಾಹನಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಂಜುಗಡ್ಡೆ ಕರಗಿದ ನೀರು, ಮೀನಿನ ರಸ, ಗಾಳಿಯಲ್ಲಿ ತೇಲಿ ಬರುವ ಉಪ್ಪು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಇವೆಲ್ಲ ಒಂದಾಗಿ ವಾಹನದ ಉಕ್ಕಿನ ಹಾಳೆಯನ್ನು ಒಳಗಿಂದೊಳಗೇ ತಿನ್ನುತ್ತವೆ. ಒಳನಾಡಿನಲ್ಲಿ ಮುರಕಲ್ಲು, ಜಲ್ಲಿ, ಅಡಿಕೆ ಚೀಲ ಸಾಗಿಸುವ ವಾಹನಗಳದು ಮತ್ತೊಂದು ಕಷ್ಟ. ಅಲ್ಲಿ ಬಣ್ಣವನ್ನು ಕಲ್ಲು ಕೆರೆದು ತೆಗೆಯುತ್ತದೆ, ಉಳಿದ ಕೆಲಸವನ್ನು ಮಳೆ ಪೂರೈಸುತ್ತದೆ. ಸಾಲ ತೆಗೆದು ಕೊಂಡ ವಾಹನದ ಕಂತು ತೀರುವ ಮೊದಲೇ ಬಾಗಿಲಿನ ಅಡಿ ತೂತಾಗಿ ಕಾಣುವುದು ಮಾಲಕನ ಪಾಲಿಗೆ ಸಣ್ಣ ಸಂಕಟವಲ್ಲ.

ಈ ಸಂಕಟಕ್ಕೆ ಪರಿಹಾರವೆಂದು ಇತ್ತೀಚಿನ ವರ್ಷಗಳಲ್ಲಿ ಒಂದು ಪದಾರ್ಥ ನಮ್ಮ ಮಾರುಕಟ್ಟೆಗೂ ಬಂದಿದೆ. ಅದರ ಹೆಸರು ಬೆಡ್ ಲೈನರ್. ಪಿಕಪ್ಪಿನ ಸರಕಿನ ತೊಟ್ಟಿಯ ಒಳಮೈಗೆ ಬಳಿಯಲೆಂದು ಸಿದ್ಧಪಡಿಸಿದ ದಪ್ಪನೆಯ, ಒರಟಾದ, ರಬ್ಬರಿನಂತಹ ಲೇಪನವಿದು. ಗೋಡೆಗೆ ಬಣ್ಣ ಹಚ್ಚುವ ಹಾಗೆ ರೋಲರಿನಿಂದ ಇದನ್ನು ಬಳಿಯಬಹುದು. ಕಂಪ್ರೆಸರ್ ಬೇಡ, ಸ್ಪ್ರೇ ಗನ್ ಬೇಡ, ಧೂಳಿಲ್ಲದ ಬೂತ್ ಬೇಡ. ಇಷ್ಟು ಸುಲಭವಾದ ಮೇಲೆ, ತೊಟ್ಟಿಯ ಒಳಗೇ ಏಕೆ ನಿಲ್ಲಬೇಕು, ಇಡೀ ವಾಹನದ ಹೊರಮೈಗೇ ಏಕೆ ಬಳಿಯಬಾರದು ಎಂಬ ಯೋಚನೆ ಹುಟ್ಟುವುದು ಸಹಜ. ಅಮೆರಿಕದಲ್ಲಿ ಬಹಳ ಮಂದಿ ಹಾಗೆಯೇ ಮಾಡಿದ್ದಾರೆ. ನಮ್ಮಲ್ಲಿಯೂ ಜೀಪು ಮತ್ತು ಪಿಕಪ್ ಮಾಲಕರು ಆ ದಾರಿಯತ್ತ ನೋಡುತ್ತಿದ್ದಾರೆ. ಈ ಲೇಪನದ ಗುಣವೇನು, ದೋಷವೇನು, ಬಳಿಯುವವನ ಆರೋಗ್ಯಕ್ಕೂ ಮಾಲಕನ ಕಾಗದಪತ್ರಗಳಿಗೂ ಅದರಿಂದಾಗುವ ಪರಿಣಾಮವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹುಟ್ಟಿದ ನೆಲ

ಫೋರ್ಡ್ ಕಂಪೆನಿಯು ತನ್ನ ಮಾಡೆಲ್ ಟಿ ವಾಹನಕ್ಕೆ ಕಾರ್ಖಾನೆಯಲ್ಲಿಯೇ ಪಿಕಪ್ ತೊಟ್ಟಿಯನ್ನು ಕೂಡಿಸಿ ಮಾರತೊಡಗಿದ್ದು 1925ರಲ್ಲಿ. ಅಂದಿನಿಂದ ಅಮೆರಿಕದ ರೈತನಿಗೂ ಬಡಗಿಗೂ ಪಿಕಪ್ ಎಂಬುದು ಮನೆಯ ಎತ್ತಿನ ಗಾಡಿಯಂತಾಯಿತು. ತೊಟ್ಟಿಯ ತಳವನ್ನು ಕಾಪಾಡಲು ಮೊದಲು ಮರದ ಹಲಗೆ ಹಾಸುತ್ತಿದ್ದರು. ಬಳಿಕ, ತೊಟ್ಟಿಯ ಆಕಾರಕ್ಕೆ ತಕ್ಕಂತೆ ಅಚ್ಚುಹಾಕಿದ ಪ್ಲಾಸ್ಟಿಕ್ ತಟ್ಟೆಯನ್ನು ಒಳಗಿಳಿಸುವ ಪದ್ಧತಿ ಬಂತು. ತಟ್ಟೆ ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಅದರ ಅಡಿಗೆ ನುಗ್ಗಿದ ನೀರು ಹೊರಬರಲು ದಾರಿಯಿರಲಿಲ್ಲ. ವಾಹನದ ಅದುರುವಿಕೆಯಿಂದ ತಟ್ಟೆಯೇ ಬಣ್ಣವನ್ನು ಉಜ್ಜಿ ತೆಗೆಯುತ್ತಿತ್ತು. ಕೆಲವು ವರ್ಷಗಳ ಬಳಿಕ ತಟ್ಟೆ ಎತ್ತಿ ನೋಡಿದ ಮಾಲಕನಿಗೆ ಎಷ್ಟೋ ಬಾರಿ ಕಾಣುತ್ತಿದ್ದುದು ತುಕ್ಕು ತಿಂದ ತಳ. ಕಾಪಾಡಲೆಂದು ಹಾಕಿದ ಹೊದಿಕೆಯೇ ರೋಗವನ್ನು ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿತ್ತು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಗಳೆಲ್ಲ ಇದರ ಸುತ್ತಲೇ ತಿರುಗುತ್ತವೆ.

ಆ ದೋಷಕ್ಕೆ ಉತ್ತರವಾಗಿ ಬಂದದ್ದು ಉಕ್ಕಿಗೆ ನೇರವಾಗಿ ಅಂಟಿಕೊಳ್ಳುವ ಲೇಪನ. ಜರ್ಮನಿಯಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಇದರ ಮೂಲದ್ರವ್ಯ. ಮೆತ್ತೆಯ ಫೋಮ್, ಚಪ್ಪಲಿಯ ಅಟ್ಟೆ, ಮರಕ್ಕೆ ಹಚ್ಚುವ ಹೊಳಪಿನ ವಾರ್ನಿಷ್ ಮೊದಲಾದವುಗಳಲ್ಲಿಯೂ ಇದೇ ಕುಲದ ದ್ರವ್ಯವಿದೆ. ಯಂತ್ರದಿಂದ ಬಿಸಿಯಾಗಿ ಸಿಂಪಡಿಸುವ ಪಾಲಿಯೂರಿಯ ಲೇಪನಗಳು ಒಂದು ಬಗೆಯಾದರೆ, ಡಬ್ಬಿಯಿಂದ ತೆಗೆದು ರೋಲರಿನಿಂದ ಮನೆಯಂಗಳದಲ್ಲೇ ಬಳಿಯಬಹುದಾದದ್ದು ಇನ್ನೊಂದು ಬಗೆ. ಎರಡನೆಯದರಲ್ಲಿ ಪಾಲಿಯುರಿಥೇನಿನ ಜೊತೆ ಸಣ್ಣ ರಬ್ಬರ್ ಕಾಳುಗಳನ್ನು ಬೆರೆಸಿರುತ್ತಾರೆ. ಒರಟು ಮೈಯೂ ಸರಕು ಜಾರದಂತಹ ಹಿಡಿತವೂ ಬರುವುದು ಈ ಕಾಳುಗಳಿಂದ.

ಅಮೆರಿಕದ ಉತ್ತರ ಭಾಗದ ರಾಜ್ಯಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ದೇಶಾದ್ಯಂತ ಹೀಗೆ ಬಳಕೆಯಾಗುವ ಉಪ್ಪು ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕಿದ್ದು. ಆ ಸೀಮೆಗೆ ಸಾಲ್ಟ್ ಬೆಲ್ಟ್ ಎಂದೇ ಹೆಸರು. ಅಲ್ಲಿನ ಹಳೆಯ ಟ್ರಕ್ಕುಗಳ ಬಾಗಿಲು, ಚಕ್ರದ ಕಮಾನು, ಮೆಟ್ಟಿಲ ಪಟ್ಟಿಗಳೆಲ್ಲ ತುಕ್ಕಿಗೆ ತುತ್ತಾಗುವುದನ್ನು ಕಂಡ ಮಾಲಕರು ತೊಟ್ಟಿಯ ಲೇಪನವನ್ನೇ ಹೊರಮೈಗೂ ತಂದರು. ಅವರಿಗೆ ರಸ್ತೆಯ ಉಪ್ಪು, ನಮಗೆ ಕಡಲ ಉಪ್ಪು. ಕಬ್ಬಿಣಕ್ಕೆ ಎರಡರ ಭೇದವೂ ತಿಳಿಯದು. ಆದುದರಿಂದಲೇ ಅವರ ಅನುಭವ ನಮ್ಮ ಕರಾವಳಿಗೂ ಉಪಯುಕ್ತ.

ಆಕರ್ಷಣೆಗೆ ಕಾರಣಗಳು

ಕಾರ್ಖಾನೆಯಲ್ಲಿ ವಾಹನಕ್ಕೆ ಹಾಕುವ ಪ್ರೈಮರ್, ಬಣ್ಣ, ಹೊಳಪಿನ ಪದರ ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಬೆಡ್ ಲೈನರಿನ ಲೆಕ್ಕವೇ ಬೇರೆ. ಒಂದು ಚದರ ಮೀಟರಿಗೆ ಒಂದು ಲೀಟರ್ ದ್ರವ ಬಳಿದರೆ ಹಸಿಯಾಗಿದ್ದಾಗ ಅದರ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. ಅದರಲ್ಲಿ ಅರ್ಧ ಭಾಗ ದ್ರಾವಕವಾಗಿ ಆರಿಹೋಯಿತು ಎಂದಿಟ್ಟುಕೊಂಡರೂ ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್ ಉಳಿಯುತ್ತದೆ. ಕಾರ್ಖಾನೆಯ ಬಣ್ಣದ ಮೂರು ನಾಲ್ಕು ಪಟ್ಟು ದಪ್ಪ. ಅದೂ ಗಾಜಿನಂತೆ ಸಿಡಿಯದ, ರಬ್ಬರಿನಂತೆ ಬಾಗುವ ಪದರ. ಟಯರಿನಿಂದ ಸಿಡಿದ ಜಲ್ಲಿ ಅದಕ್ಕೆ ತಗುಲಿ ಹಿಂದೆ ಪುಟಿಯುತ್ತದೆ. ಮರದ ಗೆಲ್ಲು ಸವರಿದರೆ ಗೀರು ಕಾಣಿಸದು. ಚಿಕ್ಕಪುಟ್ಟ ತಗ್ಗುಗಳನ್ನು ಒರಟು ಮೈ ಮರೆಮಾಡುತ್ತದೆ.

ಭಾರ ಹೆಚ್ಚಾಗುವುದಿಲ್ಲವೇ ಎಂದು ಕೆಲವರು ಶಂಕಿಸುವುದುಂಟು. ಅದೇ ಲೆಕ್ಕವನ್ನು ಮುಂದುವರಿಸಿದರೆ ಉತ್ತರ ಸಿಗುತ್ತದೆ. ಬಳಿಯುವ ಹೊರಮೈ ಹದಿನೈದು ಚದರ ಮೀಟರ್ ಎಂದಾದರೆ ಒಣಗಿದ ಲೇಪನ ಏಳೂವರೆ ಲೀಟರಿನಷ್ಟು. ತೂಕ ಸುಮಾರು ಏಳೆಂಟು ಕಿಲೋ. ಟನ್ನುಗಟ್ಟಲೆ ಹೇರುವ ವಾಹನಕ್ಕೆ ಇದು ಲೆಕ್ಕಕ್ಕಿಲ್ಲ. ತೊಡಕುಗಳು ಬೇರೆಡೆ ಇವೆ.

ಬಳಿಯುವ ಕ್ರಮ

ಈ ಕೆಲಸದಲ್ಲಿ ರೋಲರ್ ಹಿಡಿಯುವ ಹೊತ್ತು ಕೊನೆಯ ಅಲ್ಪ ಭಾಗ ಮಾತ್ರ. ಮೊದಲು ವಾಹನವನ್ನು ಸೋಪಿನ ನೀರಿನಿಂದ ತೊಳೆದು ಎಣ್ಣೆ, ಗ್ರೀಸು, ಮೇಣ ಒಂದಿಷ್ಟೂ ಉಳಿಯದಂತೆ ತೆಗೆಯಬೇಕು. ಆಮೇಲೆ ಇಡೀ ಮೈಯ ಹೊಳಪು ಮಾಯವಾಗುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ನುಣುಪಾದ ಬಣ್ಣದ ಮೇಲೆ ಈ ಲೇಪನ ನಿಲ್ಲದು. ಒಂದು ಅಂಚು ಎದ್ದರೆ ಬಾಳೆಹಣ್ಣಿನ ಸಿಪ್ಪೆಯಂತೆ ಹಾಳೆಹಾಳೆಯಾಗಿ ಸುಲಿದು ಬರುತ್ತದೆ. ತುಕ್ಕು ಇದ್ದಲ್ಲಿ ಹೊಳೆಯುವ ಉಕ್ಕು ಕಾಣುವವರೆಗೆ ಕೆರೆಯಬೇಕು. ತೂತಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಬರಿಯ ಉಕ್ಕಿಗೆ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಗಾಜು, ದೀಪ, ರಬ್ಬರ್ ಬೀಡಿಂಗ್, ನಂಬರ್ ಪ್ಲೇಟ್, ಪ್ರತಿಫಲಿಸುವ ಪಟ್ಟಿಗಳನ್ನೆಲ್ಲ ಟೇಪ್ ಅಂಟಿಸಿ ಮುಚ್ಚಬೇಕು ಅಥವಾ ಕಳಚಬೇಕು.

ಡಬ್ಬಿಯ ತಳದಲ್ಲಿ ರಬ್ಬರ್ ಕಾಳು ಕುಳಿತಿರುತ್ತದೆ. ಕಲಕುತ್ತಲೇ ಬಳಿಯದಿದ್ದರೆ ಒಂದು ಬಾಗಿಲು ನುಣುಪಾಗಿಯೂ ಇನ್ನೊಂದು ಮರಳಿನಂತೆಯೂ ಕಾಣುತ್ತದೆ. ಮೊದಲ ಪದರ ತೆಳ್ಳಗಿರಬೇಕು. ಅದು ಕೈಗೆ ಅಂಟದಷ್ಟು ಆರಿದ ಮೇಲೆ, ಆದರೆ ಪೂರ್ತಿ ಗಟ್ಟಿಯಾಗುವ ಮುನ್ನ, ಎರಡನೆಯದು ಬೀಳಬೇಕು. ತಡವಾದರೆ ಮತ್ತೆ ಉಜ್ಜಿಯೇ ಬಳಿಯಬೇಕಾಗುತ್ತದೆ. ಟೇಪನ್ನು ಲೇಪನ ಹಸಿಯಾಗಿರುವಾಗಲೇ ಕಿತ್ತುಬಿಡಬೇಕು. ಗಟ್ಟಿಯಾದ ಮೇಲೆ ಎಳೆದರೆ ಲೇಪನವೂ ಸೀಳಿಕೊಂಡು ಬರುತ್ತದೆ.

ನಮ್ಮ ಹವೆಗೆ ಸಂಬಂಧಿಸಿದ ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಒಂದೇ ಡಬ್ಬಿಯಲ್ಲಿ ಬರುವ ಪಾಲಿಯುರಿಥೇನ್ ಲೇಪನ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು. ಆ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿ ಅತಿಯಾಗಿ ತೇವಗೊಂಡಿದ್ದು ಪದರವೂ ದಪ್ಪವಾಗಿದ್ದರೆ ಮೇಲ್ಮೈ ಬೇಗ ಬಿಗಿದು, ಒಳಗಿನ ಅನಿಲ ಸಿಕ್ಕಿಬಿದ್ದು ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕುವುದು ವಿವೇಕವಲ್ಲ; ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ಹವೆಯೇ ತಕ್ಕ ಕಾಲ.

ತಪ್ಪುವುದೆಲ್ಲಿ

ಕಬ್ಬಿಣ ತುಕ್ಕಾಗಲು ನೀರು ಮತ್ತು ಆಮ್ಲಜನಕ ಬೇಕು. ಉಪ್ಪು ಆ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ತುಕ್ಕಿನ ಮೇಲೆ ಲೇಪನ ಹಚ್ಚಿದರೆ ಅದು ಉಸಿರುಕಟ್ಟಿ ಸಾಯುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬಹಳ ಹಳೆಯದು. ಆದರೆ ತುಕ್ಕಿನ ರಂಧ್ರಗಳಲ್ಲಿ ತೇವವೂ ಉಪ್ಪೂ ಮೊದಲೇ ಸೇರಿಕೊಂಡಿರುತ್ತವೆ. ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುತ್ತದೆ. ಹಾಗಾಗಿ ಅದು ಉಬ್ಬಿ ಮೇಲಿನ ಪದರವನ್ನು ಎತ್ತುತ್ತಾ ಅಡಿಯಲ್ಲೇ ಹರಡುತ್ತದೆ. ತೆಳ್ಳಗಿನ ಬಣ್ಣವಾದರೆ ಗುಳ್ಳೆಯೆದ್ದು ಮಾಲಕನಿಗೆ ಮುನ್ಸೂಚನೆ ನೀಡುತ್ತದೆ. ದಪ್ಪನೆಯ ಒರಟು ಲೇಪನದಲ್ಲಿ ಆ ಗುಳ್ಳೆ ಕಣ್ಣಿಗೆ ಬೀಳದು. ಬೆರಳಿನಿಂದ ಒತ್ತಿದಾಗ ತಗಡು ಒಳಕ್ಕೆ ಕುಸಿದಾಗಲೇ ವಿಷಯ ತಿಳಿಯುವುದು.

ಎರಡನೆಯ ತಪ್ಪು ನೀರು ಹರಿಯುವ ಕಿಂಡಿಗಳನ್ನು ಮುಚ್ಚುವುದು. ಪ್ರತಿಯೊಂದು ಬಾಗಿಲಿನ ಅಡಿಯಂಚಿನಲ್ಲಿ ಮಳೆನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ. ಗಾಜಿನ ಬದಿಯಿಂದ ಇಳಿದ ನೀರು ಅಲ್ಲಿಂದಲೇ ಹೊರಹೋಗಬೇಕು. ರೋಲರಿನಿಂದ ಧಾರಾಳವಾಗಿ ಬಳಿದಾಗ ಆ ಕಿಂಡಿಗಳು ತುಂಬಿಹೋಗುತ್ತವೆ. ಹೊರಗೆ ಕವಚ ಭದ್ರವಾಗಿರುವಾಗಲೇ ಬಾಗಿಲು ಒಳಗಿನಿಂದ ಕೊಳೆಯತೊಡಗುತ್ತದೆ.

ಮೂರನೆಯದು ಬಿಸಿಲು. ಪಾಲಿಯುರಿಥೇನಿನಲ್ಲಿ ಆರೊಮ್ಯಾಟಿಕ್, ಅಲಿಫ್ಯಾಟಿಕ್ ಎಂಬ ಎರಡು ವರ್ಗಗಳಿವೆ. ಮೊದಲನೆಯದು ಅಗ್ಗ, ಆದರೆ ಅತಿನೇರಳೆ ಕಿರಣಕ್ಕೆ ಬಣ್ಣಗೆಟ್ಟು ಸೀಮೆಸುಣ್ಣದಂತೆ ಪುಡಿಯುದುರಿಸುತ್ತದೆ. ಎರಡನೆಯದು ಬಿಸಿಲನ್ನು ತಾಳುತ್ತದೆ, ಬೆಲೆ ಹೆಚ್ಚು. ಸರಕಿನ ಅಡಿಯಲ್ಲಿ ಮುಚ್ಚಿಹೋಗುವ ತೊಟ್ಟಿಗೆ ಮೊದಲನೆಯದು ಸಾಕಾದೀತು; ವರ್ಷವಿಡೀ ಬಿಸಿಲಲ್ಲಿ ನಿಲ್ಲುವ ಹೊರಮೈಗೆ ಸಾಲದು. ಕಪ್ಪು ಬಣ್ಣ ಬಿಸಿಲನ್ನು ಹೀರಿ ಕ್ಯಾಬಿನ್ನನ್ನು ಕಾಯಿಸುತ್ತದೆ ಎಂಬುದೂ ನಮ್ಮ ಚಾಲಕರು ಗಮನಿಸಬೇಕಾದ ಮಾತು. ಒರಟು ಮೈಯಲ್ಲಿ ಕೆಸರು ಹಿಡಿದು ಕೂರುವುದು, ಪಾಲಿಶ್ ಮಾಡಲಾಗದಿರುವುದು ಇವೂ ಜೊತೆಗಿವೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಇದು ಹಿಂದೆಗೆಯಲಾಗದ ನಿರ್ಧಾರ. ಸಾಮಾನ್ಯ ಬಣ್ಣ ಇಷ್ಟವಾಗದಿದ್ದರೆ ಉಜ್ಜಿ ಬೇರೆ ಬಣ್ಣ ಹೊಡೆಯಬಹುದು. ಸರಿಯಾಗಿ ಅಂಟಿದ ಬೆಡ್ ಲೈನರನ್ನು ತೆಗೆಯಬೇಕಾದರೆ ಬಿಸಿಗಾಳಿಯಿಂದ ಮೆತ್ತಗಾಗಿಸಿ ಇಂಚಿಂಚಾಗಿ ಕೆರೆಯಬೇಕು. ಬಳಿಯುವಾಗ ಉಳಿಸಿದ ಕೂಲಿಯ ಎಷ್ಟೋ ಪಟ್ಟು ತೆಗೆಯುವಾಗ ತೆರಬೇಕಾಗುತ್ತದೆ.

ಬಳಿಯುವವನ ಉಸಿರು

ಈ ವಿಷಯದಲ್ಲಿ ಎಲ್ಲರೂ ವಾಹನದ ಆಯುಷ್ಯವನ್ನು ಕುರಿತು ಮಾತಾಡುತ್ತಾರೆ. ಬಳಿಯುವ ಕಾರ್ಮಿಕನ ಆಯುಷ್ಯದ ಮಾತು ಅಪರೂಪ. ಗಟ್ಟಿಯಾಗುವ ಮುನ್ನ ಈ ಲೇಪನದಲ್ಲಿ ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕವಿರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಜನರನ್ನು ಕೊಂದ ಮಿಥೈಲ್ ಐಸೊಸಯನೇಟ್ ಇದೇ ಕುಲದ್ದು. ಲೇಪನದಲ್ಲಿರುವವು ಬೇರೆ ಸದಸ್ಯರು. ಅವು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗೆ ಹಠಾತ್ತಾಗಿ ಕೊಲ್ಲುವುದೂ ಇಲ್ಲ. ಇವುಗಳ ಅಪಾಯ ನಿಧಾನವಾದದ್ದು. ಪದೇ ಪದೇ ಉಸಿರಾಡಿದವರಲ್ಲಿ ಕೆಲವರ ದೇಹ ಈ ವಸ್ತುವಿಗೆ ಸೂಕ್ಷ್ಮಗೊಳ್ಳುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಅತಿ ಅಲ್ಪ ಪ್ರಮಾಣವೂ ತೀವ್ರ ಉಬ್ಬಸಕ್ಕೆ ಕಾರಣವಾಗಬಲ್ಲದು. ಅಂತಹ ಪೇಂಟರ್ ತನಗೆ ತಿಳಿದ ಏಕೈಕ ವೃತ್ತಿಯನ್ನೇ ಬಿಡಬೇಕಾಗಿ ಬರುತ್ತದೆ.

ಸ್ಪ್ರೇ ಗನ್ನಿನ ಮಂಜಿಗೆ ಹೋಲಿಸಿದರೆ ರೋಲರಿನಲ್ಲಿ ಅಪಾಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಕ್ಸೈಲೀನ್ ಮುಂತಾದ ದ್ರಾವಕಗಳ ಆವಿಯೂ ಜೊತೆಗಿರುತ್ತದೆ. ಮೂಗಿಗೆ ಕಟ್ಟಿದ ಬೈರಾಸು ಧೂಳನ್ನು ತುಸು ತಡೆದೀತು, ಆವಿಯನ್ನು ತಡೆಯದು. ಇಂಗಾಲದ ಡಬ್ಬಿಯಿರುವ ಮುಖಕವಚ, ರಾಸಾಯನಿಕ ನುಗ್ಗದ ಕೈಗವಸು, ತೋಳು ತುಂಬಿದ ಅಂಗಿ, ಗಾಳಿಯಾಡುವ ಬಯಲು ಇವು ಕನಿಷ್ಠ ಅಗತ್ಯಗಳು. ಡಬ್ಬಿಯ ಮೇಲಿನ ಸಣ್ಣಕ್ಷರದ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ಕೆಲಸದವನಿಗೆ ಅವನ ಭಾಷೆಯಲ್ಲಿ ಹೇಳುವುದು ಕೆಲಸ ಕೊಟ್ಟವನ ಹೊಣೆ. ವೃತ್ತಿಯಿಂದ ಬಂದ ರೋಗವನ್ನು ಕೆಲಸದ ಅಪಘಾತಕ್ಕೆ ಸಮನಾಗಿ ಕಾಣುವ ತತ್ತ್ವ ನಮ್ಮ ದೇಶದ ಕಾರ್ಮಿಕ ಪರಿಹಾರ ಶಾಸನದಲ್ಲಿ 1923ರಷ್ಟು ಹಿಂದೆಯೇ ಸೇರಿದೆ. ಆದರೆ ಹಾಜರಿ ಪುಸ್ತಕವಿಲ್ಲದ, ಸಂಬಳದ ಚೀಟಿಯಿಲ್ಲದ ರಸ್ತೆಬದಿಯ ಶೆಡ್ಡಿನಲ್ಲಿ ದುಡಿದವನು ತಾನು ಯಾರ ನೌಕರ ಎಂಬುದನ್ನೇ ರುಜುವಾತುಪಡಿಸಲು ಒದ್ದಾಡಬೇಕಾಗುತ್ತದೆ. ಇಂತಹವನ ಪಾಲಿಗೆ ಒಂದು ಮುಖಕವಚ ನ್ಯಾಯಾಲಯದ ತೀರ್ಪಿಗಿಂತ ದೊಡ್ಡ ರಕ್ಷಣೆ.

ನೋಂದಣಿ ಪತ್ರ ಹೇಳುವ ಬಣ್ಣ

ವಾಹನದ ಬಣ್ಣ ಮಾಲಕನ ಅಭಿರುಚಿಗೆ ಮಾತ್ರ ಸೇರಿದ ವಿಷಯವಲ್ಲ. ನೋಂದಣಿಯ ಅರ್ಜಿಯಲ್ಲಿಯೂ ಆರ್.ಸಿ.ಯಲ್ಲಿಯೂ ಅದೊಂದು ದಾಖಲಾದ ವಿವರ. ಮೋಟಾರು ವಾಹನ ಅಧಿನಿಯಮ 1988ರ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ತಯಾರಕನು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು ಎಂಬುದು ಅದರ ತಿರುಳು. ಕೇರಳದಿಂದಲೇ ಹೋದ, ಪ್ರಾದೇಶಿಕ ಸಾರಿಗೆ ಅಧಿಕಾರಿಯ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಬಿಗಿಯಾಗಿ ಅರ್ಥೈಸಿತು. ತಯಾರಕನ ಮೂಲ ನಿರ್ದಿಷ್ಟತೆಗಳನ್ನು ಮುಟ್ಟುವಂತಿಲ್ಲ. ಉಳಿದ ವಿವರಗಳನ್ನು ನಿಯಮಾನುಸಾರ ಬದಲಿಸಿ ಆರ್.ಸಿ.ಯಲ್ಲಿ ದಾಖಲಿಸಿಕೊಳ್ಳಬಹುದು ಎಂಬುದು ಆ ತೀರ್ಪಿನ ಸಾರ. ಬಣ್ಣ ಈ ಎರಡನೆಯ ವರ್ಗಕ್ಕೆ ಸೇರಿದ್ದು. ಬದಲಾವಣೆಗೆ ನಿಷೇಧವಿಲ್ಲ, ದಾಖಲೆಯಿಲ್ಲದ ಬದಲಾವಣೆ ಸಲ್ಲದು.

ಆದುದರಿಂದ ಬಿಳಿಯ ಪಿಕಪ್ಪನ್ನು ಕಪ್ಪು ಮಾಡಲು ಬಯಸುವವನು ಮೊದಲು ಆರ್.ಟಿ.ಒ. ಕಚೇರಿಯ ಅನುಮತಿ ಪಡೆದು, ಕೆಲಸ ಮುಗಿದ ಹದಿನಾಲ್ಕು ದಿನಗಳೊಳಗೆ ವರದಿ ಮಾಡಿ ಆರ್.ಸಿ. ತಿದ್ದಿಸಿಕೊಳ್ಳಬೇಕು. ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆದಿರಬೇಕು. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನ 4ನೆಯ ಉಪಕಲಮಿನಡಿ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಲು ಅವಕಾಶವಿದೆ. ಆರ್.ಸಿ.ಯಲ್ಲಿರುವ ಬಣ್ಣದ ಲೇಪನವನ್ನೇ ಆರಿಸಿಕೊಂಡರೆ ಬಣ್ಣ ಬದಲಿಸುವ ಪ್ರಶ್ನೆಯೇ ಏಳದು. ತೊಟ್ಟಿಯ ಒಳಮೈಗೆ ಮಾತ್ರ ಬಳಿದರೂ ಅಷ್ಟೇ.

ಜೀಪು ಪ್ರಿಯರಿಗೆ ಸೇನೆಯ ಹಸಿರಿನ ಮೇಲೆ ವಿಶೇಷ ಮೋಹ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೆಯ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಯಾವ ಅರ್ಜಿಯಿಂದಲೂ ಇದಕ್ಕೆ ಅನುಮತಿ ದೊರೆಯದು.

ಛಾಸಿಸ್ ಸಂಖ್ಯೆ ಕೊರೆದಿರುವ ಜಾಗಕ್ಕೆ ಎಂದಿಗೂ ಲೇಪನ ತಾಗಿಸಬಾರದು. ಅರ್ಧ ಮಿಲಿಮೀಟರ್ ರಬ್ಬರಿನ ಅಡಿ ಅಂಕಿಗಳು ಹೂತುಹೋದರೆ ತಪಾಸಣೆಯ ವೇಳೆ ಆ ವಾಹನ ಕಳವಿನದಲ್ಲ ಎಂದು ತೋರಿಸುವ ಹೊರೆ ಮಾಲಕನ ಮೇಲೆ ಬೀಳುತ್ತದೆ. ಬದಿಯಲ್ಲಿ ಬರೆದ ತೂಕದ ವಿವರಗಳನ್ನು ಮತ್ತೆ ಬರೆಸಬೇಕು. ವಿಮಾ ಕಂಪೆನಿಗೂ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ ರಶೀದಿ ಇಟ್ಟುಕೊಳ್ಳಬೇಕು. ವಿಮೆ ಪರಸ್ಪರ ಸತ್ಯನಿಷ್ಠೆಯ ಕರಾರು. ಆರ್.ಸಿ.ಯ ಬಣ್ಣ ಒಂದು, ಅಪಘಾತಕ್ಕೊಳಗಾದ ವಾಹನದ ಬಣ್ಣ ಇನ್ನೊಂದು ಎಂದಾದಾಗ ಸರ್ವೇಯರನ ಮೊದಲ ಪ್ರಶ್ನೆಗೇ ಉತ್ತರವಿಲ್ಲದಂತಾಗುತ್ತದೆ.

ಸರಕು ವಾಹನ ಎಂಟು ವರ್ಷ ದಾಟಿದರೆ ಪ್ರತಿ ವರ್ಷವೂ ಫಿಟ್‌ನೆಸ್ ಪರೀಕ್ಷೆಗೆ ಒಡ್ಡಬೇಕು. ಕೊಳೆತ ತಗಡಿನ ಮೇಲೆ ಲೇಪನ ಬಳಿದು ಒಂದು ಪರೀಕ್ಷೆಯನ್ನು ದಾಟಬಹುದೇನೋ. ಬ್ರೇಕಿನ ಪೈಪು ಹಿಡಿದಿರುವ ಚೌಕಟ್ಟು ರಸ್ತೆಯಲ್ಲಿ ಕಳಚಿದರೆ ಮುಂದಿನ ವಿಚಾರಣೆ ಬೇರೆ ಪೀಠದ ಮುಂದೆ ನಡೆಯುತ್ತದೆ.

ಕೊಳ್ಳುವವನೂ ಮಾರುವವನೂ

ಹಳೆಯ ವಾಹನದ ವ್ಯವಹಾರದಲ್ಲಿ ಈ ಲೇಪನ ಹೊಸದೊಂದು ಪ್ರಶ್ನೆಯನ್ನು ತಂದಿದೆ. ತುಕ್ಕಿನ ವಿಷಯ ತಿಳಿದಿದ್ದೂ ಅದನ್ನು ಮುಚ್ಚಲೆಂದೇ ದಪ್ಪ ಲೇಪನ ಬಳಿದು ಮಾರಿದರೆ ಅದು ಜಾಣತನವೋ ವಂಚನೆಯೋ? ಭಾರತೀಯ ಕರಾರು ಅಧಿನಿಯಮ 1872ರ 17ನೆಯ ಕಲಮಿನಲ್ಲಿ ಉತ್ತರವಿದೆ. ಒಂದು ಸಂಗತಿಯನ್ನು ಅರಿತಿದ್ದೂ ಸಕ್ರಿಯವಾಗಿ ಮರೆಮಾಚುವುದು ವಂಚನೆಯ ವ್ಯಾಖ್ಯೆಯೊಳಗೇ ಬರುತ್ತದೆ. ಸುಮ್ಮನಿರುವುದು ಬೇರೆ, ಮರೆಮಾಚಲು ಕೈಯಾಡಿಸುವುದು ಬೇರೆ. ಸಾಮಾನ್ಯ ಎಚ್ಚರ ವಹಿಸಿದ್ದರೆ ಕೊಳ್ಳುವವನೇ ಕಂಡುಕೊಳ್ಳಬಹುದಿತ್ತು ಎಂಬ ಸಮರ್ಥನೆಯನ್ನು 19ನೆಯ ಕಲಮು ತಪ್ಪು ನಿರೂಪಣೆಗೂ ವಂಚನೆಯ ಮೌನಕ್ಕೂ ಒದಗಿಸುತ್ತದೆ. ಸಕ್ರಿಯ ಮರೆಮಾಚುವಿಕೆಗೆ ಅದು ಅನ್ವಯಿಸದು ಎಂದು ವಾದಿಸಲು ದೃಢವಾದ ನೆಲೆಯಿದೆ. ರೋಲರ್ ಹಿಡಿದ ಕೈ ಮೌನಿಯಲ್ಲ.

ಆದರೂ ದಾವೆ ಹೂಡುವುದಕ್ಕಿಂತ ನೋಡಿ ಕೊಳ್ಳುವುದು ಲೇಸು. ಲೇಪನವಿರುವ ವಾಹನವನ್ನು ಕೊಳ್ಳುವವನು ಬಾಗಿಲು ತೆರೆದು ಅಡಿಯಂಚಿನ ಒಳಬದಿಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಚಕ್ರದ ಕಮಾನಿನ ಒಳಮೈ, ಕ್ಯಾಬಿನ್ನಿನ ಹಾಸಿನ ಅಡಿ, ಛಾಸಿಸ್ಸಿನ ಉದ್ದಕ್ಕೂ ದೀಪ ಹಿಡಿದು ನೋಡಬೇಕು. ಗಟ್ಟಿ ತಗಡನ್ನು ತಟ್ಟಿದರೆ ಬರುವ ನಾದಕ್ಕೂ ಕೊಳೆತದ್ದನ್ನು ತಟ್ಟಿದರೆ ಬರುವ ಸದ್ದಿಗೂ ವ್ಯತ್ಯಾಸವುಂಟು. ಸಣ್ಣ ಅಯಸ್ಕಾಂತವನ್ನು ಮೈಯುದ್ದಕ್ಕೂ ಆಡಿಸಿದರೆ ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿಬೀಳುವ ಜಾಗವೇ ಪುಟ್ಟಿ ತುಂಬಿದ ಜಾಗ. ಮಾರುವವನೂ ತನ್ನ ಹಿತಕ್ಕಾಗಿ ಲೇಪನಕ್ಕೆ ಮುನ್ನ ತುಕ್ಕು ತೆಗೆದ ಹಂತಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳುವುದು ಒಳ್ಳೆಯದು. ಲೇಪನ ಬಿದ್ದ ಮೇಲೆ ಪ್ರಾಮಾಣಿಕ ಕೆಲಸಕ್ಕೂ ಕಪಟದ ಕೆಲಸಕ್ಕೂ ಹೊರನೋಟದಲ್ಲಿ ಭೇದವಿಲ್ಲ; ಆ ಚಿತ್ರಗಳೇ ಸಾಕ್ಷಿ.

ಕೆಲಸವನ್ನು ಗ್ಯಾರೇಜಿಗೆ ವಹಿಸಿದವರಿಗೆ ಇನ್ನೊಂದು ಮಾತು. ಏನೇನು ಮಾಡಲಾಗುವುದು ಎಂಬ ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ: ಎಲ್ಲೆಲ್ಲಿ ತುಕ್ಕು ಕೆರೆಯುವುದು, ಎಲ್ಲಿ ವೆಲ್ಡಿಂಗ್, ಯಾವ ಪ್ರೈಮರ್, ಎಷ್ಟು ಪದರ. ತುಕ್ಕಿನ ಮೇಲೆಯೇ ಬಳಿದುಕೊಟ್ಟರೆ ಅದು ಸೇವಾ ನ್ಯೂನತೆ. ಬಾಡಿಗೆಗೆ ಓಡುವ ವಾಹನವಾದ್ದರಿಂದ ಗ್ರಾಹಕರ ವೇದಿಕೆಗೆ ಹೋಗಲಾಗದು ಎಂಬ ತಪ್ಪು ಕಲ್ಪನೆ ಬೇಡ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ವಾಹನ ಓಡಿಸುವವನನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮ 2019 ಗ್ರಾಹಕನೆಂದೇ ಪರಿಗಣಿಸುತ್ತದೆ. ದೂರು ಕೊಡಲು ಕಾಲಾವಧಿ ಎರಡು ವರ್ಷ. ಬಿಲ್ಲು ಮತ್ತು ಅಂದಾಜು ಪಟ್ಟಿ ಇಲ್ಲದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಯಾರಿಗೆ ತಕ್ಕದ್ದು

ಇಷ್ಟೆಲ್ಲ ಹೇಳಿದ್ದರಿಂದ ಬೆಡ್ ಲೈನರ್ ಕೆಟ್ಟ ಪದಾರ್ಥವೆಂದು ಭಾವಿಸಬೇಕಾಗಿಲ್ಲ. ಹೊಸ ವಾಹನದ, ತುಕ್ಕು ತಗುಲದ ತೊಟ್ಟಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಕಡಿಮೆ. ಮೀನು, ಕಲ್ಲು, ಗೊಬ್ಬರ ಸಾಗಿಸುವವರಿಗೆ ಅದು ನಿಜಕ್ಕೂ ಉಪಕಾರಿ. ಹೊರಮೈಯಲ್ಲಿಯೂ ಚಕ್ರದ ಕಮಾನಿನ ಒಳಬದಿ, ಬಾಗಿಲಿನ ಕೆಳಗಿನ ಮೆಟ್ಟಿಲ ಪಟ್ಟಿ, ಜಲ್ಲಿ ಸಿಡಿಯುವ ಕೆಳಭಾಗದ ಒಂದಡಿ ಇಷ್ಟಕ್ಕೆ ಬಳಿದು, ಉಳಿದ ಮೈಗೆ ಸಾಮಾನ್ಯ ಬಣ್ಣವನ್ನೇ ಉಳಿಸಿಕೊಳ್ಳುವುದು ಹಣಕ್ಕೂ ಕಾನೂನಿಗೂ ಒಪ್ಪುವ ಮಧ್ಯಮಾರ್ಗ. ಇಡೀ ವಾಹನಕ್ಕೆ ಬಳಿಯಲೇಬೇಕೆಂದಿರುವವರು ಬಿಸಿಲು ತಾಳುವ ವರ್ಗದ ಲೇಪನವನ್ನು ಆರಿಸಿ, ಮಳೆಗಾಲ ಕಳೆದ ಮೇಲೆ, ಕಾಗದಪತ್ರ ಸರಿಪಡಿಸಿಕೊಂಡು, ಬಳಿಯುವವನಿಗೆ ಮುಖಕವಚ ತಂದುಕೊಟ್ಟು ಮುಂದುವರಿಯಲಿ.

ಗಟ್ಟಿ ಉಕ್ಕನ್ನು ಈ ಲೇಪನ ಹಲವು ವರ್ಷ ಕಾಯುತ್ತದೆ. ಕೊಳೆತ ಉಕ್ಕನ್ನು ಕೆಲವು ಕಾಲ ಮುಚ್ಚುತ್ತದೆ, ಅಷ್ಟೇ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಯಾವುದನ್ನು ಮಾಡುತ್ತಿದ್ದೇವೆ ಎಂಬುದನ್ನು ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ, ಸ್ಯಾಂಡ್ ಪೇಪರ್ ಕೈಯಲ್ಲಿರುವಾಗಲೇ, ಮಾಲಕನು ತೀರ್ಮಾನಿಸಿರಬೇಕು.